ಬೀಳುವುದನ್ನು ಕಲಿತ ಕೊಬಾಶಿ

ಕೇಳುಗರೇ, ನಮಸ್ಕಾರ.

ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿಗೆ ಎತ್ತಿ ಬಡಿದಾಗ ಒಂದು ಸದ್ದು ಬರುತ್ತಲ್ಲ, ಅದನ್ನೊಮ್ಮೆ ನೆನಪು ಮಾಡಿಕೊಳ್ಳಿ. 2005ರ ಜುಲೈ 18ರಂದು ಟೋಕಿಯೋ ಡೋಮ್ ಎಂಬ ದೊಡ್ಡ ಕ್ರೀಡಾಂಗಣದಲ್ಲಿ ಆ ಸದ್ದೇ ಕೇಳುತ್ತಿತ್ತು. ಕುಸ್ತಿಯ ರಿಂಗಿನ ನಡುವೆ ಜಪಾನಿನ ಇಬ್ಬರು ಪೈಲ್ವಾನರು ಎದುರುಬದುರು ನಿಂತಿದ್ದರು. ಒಬ್ಬರು ಕೆನ್ಸುಕೆ ಸಸಾಕಿ, ಇನ್ನೊಬ್ಬರು ಕೆಂಟಾ ಕೊಬಾಶಿ. ಒಬ್ಬರು ಅಂಗೈಯ ಅಂಚಿನಿಂದ ಇನ್ನೊಬ್ಬರ ಬರಿ ಎದೆಗೆ ಬಾರಿಸುವುದು, ಅವರು ಜಾಗ ಬಿಡದೆ ತಿನ್ನುವುದು, ಆಮೇಲೆ ಅವರ ಸರದಿ. ಅಷ್ಟೇ. ನಿಮಿಷಗಟ್ಟಲೆ ಇದೊಂದೇ ನಡೆಯಿತು. ಇಬ್ಬರ ಎದೆಯೂ ಕೆಂಪಾಗಿ, ಕಂದಿಹೋಯಿತು. ಒಂದೊಂದು ಏಟಿಗೂ ಜನ ಒಟ್ಟಿಗೆ ಕೂಗುತ್ತಿದ್ದರು. ನಾನು ಆ ಪಂದ್ಯದ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಈಗಲೂ ನೋಡುವಾಗ ನನಗೇ ಗೊತ್ತಿಲ್ಲದೆ ಕೈ ಎದೆಯ ಮೇಲೆ ಹೋಗುತ್ತದೆ.

ಇವತ್ತು ಈ ಕೊಬಾಶಿ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ನಮ್ಮಲ್ಲಿ ಕುಸ್ತಿ ಅಂದರೆ ಒಂದು ಕಡೆ ಗರಡಿ ಮನೆಯ ಕೆಮ್ಮಣ್ಣು, ಇನ್ನೊಂದು ಕಡೆ ಟಿವಿಯಲ್ಲಿ ಬರುತ್ತಿದ್ದ ಅಮೆರಿಕದ ಕುಸ್ತಿ. ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಅದರ ಟ್ರಂಪ್ ಕಾರ್ಡುಗಳು ಮರೆತಿರಲಿಕ್ಕಿಲ್ಲ. ಜಪಾನಿನವರು ತಮ್ಮ ವೃತ್ತಿಪರ ಕುಸ್ತಿಯನ್ನು ಪ್ರೊರೆಸು ಅನ್ನುತ್ತಾರೆ. ಯಾರು ಗೆಲ್ಲಬೇಕು ಅನ್ನುವುದು ಅಲ್ಲೂ ಮೊದಲೇ ಗೊತ್ತಾಗಿರುತ್ತದೆ. ಹಾಗಾದರೆ ಎಲ್ಲ ನಾಟಕ ಅಲ್ವಾ ಅಂತ ಕೇಳುವವರಿದ್ದಾರೆ. ಗೆಲುವು ಮೊದಲೇ ಬರೆದಿಟ್ಟದ್ದು ಇರಬಹುದು, ಆದರೆ ಎರಡು ಆಳು ಎತ್ತರದಿಂದ ಬೆನ್ನ ಮೇಲೆ ಬಿದ್ದರೆ ಆ ನೋವನ್ನು ಯಾರೂ ಬರೆದಿಡಲು ಆಗುವುದಿಲ್ಲ. ಅದಕ್ಕೇ ಅಲ್ಲಿ ಹೊಸ ಹುಡುಗರಿಗೆ ಮೊದಲು ಕಲಿಸುವುದು ಬೀಳುವುದನ್ನು. ಉಕೆಮಿ ಅಂತ ಅದರ ಹೆಸರು. ಗದ್ದ ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ತಾಗದ ಹಾಗೆ, ಏಟಿನ ಭಾರವನ್ನು ಬೆನ್ನಿಗೂ ತೋಳಿಗೂ ಹಂಚಿ ಬೀಳಬೇಕು. ದಿನಕ್ಕೆ ನೂರಾರು ಸಲ, ಸುಮ್ನೆ ಬೀಳುತ್ತಾ ಇರಬೇಕು.

ಕೊಬಾಶಿ ಹುಟ್ಟಿದ್ದು 1967ರ ಮಾರ್ಚ್ 27ರಂದು, ಕ್ಯೋಟೋ ಪ್ರಾಂತದ ಫುಕುಚಿಯಾಮದಲ್ಲಿ. ಶಾಲೆಯಲ್ಲಿ ಜೂಡೋ ಆಡಿದ ಹುಡುಗ. ಓದು ಮುಗಿದ ಮೇಲೆ ಕ್ಯೋಸೆರಾ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಂಥ ಕಂಪನಿಯ ಕೆಲಸ ಅಂದರೆ ಆಗ ಜೀವನಪೂರ್ತಿ ಭದ್ರ. ಅದನ್ನು ಬಿಟ್ಟು ಕುಸ್ತಿಗೆ ಹೊರಟರು. ಆಲ್ ಜಪಾನ್ ಪ್ರೊ ರೆಸ್ಲಿಂಗ್ ಎಂಬ ಸಂಸ್ಥೆಗೆ ಹಾಕಿದ ಮೊದಲ ಅರ್ಜಿ ತಿರಸ್ಕಾರವಾಯಿತು. ಆದರೂ ಬಿಡದೆ 1987ರಲ್ಲಿ ಒಳಗೆ ಸೇರಿಕೊಂಡರು. ಸಂಸ್ಥೆಯ ಒಡೆಯ ಜೈಂಟ್ ಬಾಬಾ, 2 ಮೀಟರಿಗೂ ಜಾಸ್ತಿ ಎತ್ತರದ ಆಳು, ಜಪಾನಿನಲ್ಲಿ ಮನೆಮನೆಗೂ ಗೊತ್ತಿದ್ದ ಹೆಸರು. ಆ ಬಾಬಾರ ಜೊತೆ ಕೊಬಾಶಿ ಕೈಯಾಳಾಗಿ ಇರಬೇಕಾಯಿತು. ಹಿರಿಯ ಪೈಲ್ವಾನರ ಚೀಲ ಹೊರುವುದು, ಬಟ್ಟೆ ಒಗೆಯುವುದು, ಬೆನ್ನು ತಿಕ್ಕುವುದು, ಅವರು ಹೋದಲ್ಲೆಲ್ಲ ಹಿಂದೆ ಹೋಗುವುದು. ಅಲ್ಲಿ ಎಲ್ಲ ಹುಡುಗರೂ ಹೀಗೆ ಸೇವೆ ಮಾಡಿಯೇ ಮೇಲೆ ಬರಬೇಕು.

1988ರ ಫೆಬ್ರವರಿ 26ರಂದು ಮೊದಲ ಪಂದ್ಯ. ಸೋತರು. ಎರಡನೆಯದೂ ಸೋತರು. ಒಬ್ಬರೆದುರು ಒಬ್ಬರು ಆಡುವ ಪಂದ್ಯಗಳಲ್ಲಿ ಸಾಲಾಗಿ 63 ಸೋಲು. ನನಗೆ ಈ ಸಂಖ್ಯೆ ತುಂಬ ಇಷ್ಟ. ಒಂದು ವರ್ಷಕ್ಕೂ ಜಾಸ್ತಿ ಜನ ಅಂಥ ಪಂದ್ಯದಲ್ಲಿ ಅವರ ಗೆಲುವನ್ನು ನೋಡಲೇ ಇಲ್ಲ, ಆದರೂ ಅವರಿಗಾಗಿ ಕೂಗಲು ಶುರು ಮಾಡಿದರು. ಕಿತ್ತಳೆ ಬಣ್ಣದ ಚಡ್ಡಿ ಹಾಕಿಕೊಂಡ ಈ ಹುಡುಗ ಬಿದ್ದರೆ ಮತ್ತೆ ಏಳುತ್ತಾನೆ, ಮುಷ್ಟಿ ಬಿಗಿಹಿಡಿದು ಕಿರುಚುತ್ತಾನೆ, ಮತ್ತೆ ನುಗ್ಗುತ್ತಾನೆ ಅನ್ನುವುದು ಅವರಿಗೆ ಸಾಕಾಗಿತ್ತು.

1990ರಲ್ಲಿ ಆಲ್ ಜಪಾನ್‌ನ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಗೆನ್‌ಇಚಿರೊ ತೆನ್‌ರ್ಯು ಬೇರೆ ಸಂಸ್ಥೆಗೆ ಹೋದರು, ಅವರ ಹಿಂದೆ ಇನ್ನೂ ಕೆಲವರು ಹೊರಟರು. ಬಾಬಾ ಉಳಿದ ಕಿರಿಯರನ್ನು ಮುಂದೆ ತಂದರು. ಮಿತ್ಸುಹಾರು ಮಿಸಾವಾ, ತೊಶಿಯಾಕಿ ಕವಾದಾ, ಅಕಿರಾ ತವುಯೆ, ಮತ್ತು ಎಲ್ಲರಿಗಿಂತ ಚಿಕ್ಕವರಾದ ಕೊಬಾಶಿ. ಈ ನಾಲ್ವರನ್ನು ಶಿತೆನ್ನೋ ಅಂತ ಕರೆದರು. ಶಿತೆನ್ನೋ ಅಂದರೆ ನಾಲ್ಕು ದಿಕ್ಕು ಕಾಯುವ ದೇವತೆಗಳು. ಬೌದ್ಧ ಧರ್ಮದ ಜೊತೆ ನಮ್ಮ ನೆಲದಿಂದಲೇ ಅಲ್ಲಿಗೆ ಹೋದವರು, ಉತ್ತರ ದಿಕ್ಕಿನವನು ವೈಶ್ರವಣ, ಅಂದರೆ ನಮ್ಮ ಕುಬೇರನೇ. ಅಷ್ಟು ದೂರದ ಕುಸ್ತಿಯಲ್ಲಿ ಈ ಹೆಸರು ಸಿಕ್ಕಿದಾಗ ನನಗೆ ಬಹಳ ಖುಷಿಯಾಗಿತ್ತು.

1995ರ ಜನವರಿ 17ರ ಬೆಳಗಿನ ಜಾವ ಕೋಬೆ ಸುತ್ತಮುತ್ತ ಭಾರಿ ಭೂಕಂಪ ಆಯಿತು. 6 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಎರಡೇ ದಿನ ಆದ ಮೇಲೆ, ಪಕ್ಕದ ಒಸಾಕಾದಲ್ಲಿ ಕವಾದಾ ಮತ್ತು ಕೊಬಾಶಿಯವರ ಪಂದ್ಯ ಇತ್ತು. ಪಂದ್ಯ ನಿಲ್ಲಿಸಲಿಲ್ಲ. ಇಬ್ಬರೂ 60 ನಿಮಿಷ ಪೂರ್ತಿ ಆಡಿದರು, ಯಾರೂ ಗೆಲ್ಲಲಿಲ್ಲ. ಅಂಥ ಹೊತ್ತಿನಲ್ಲಿ ಮನೆಯಿಂದ ಹೊರಟು ಕುಸ್ತಿ ನೋಡಲು ಬಂದವರ ಮನಸ್ಸಿನಲ್ಲಿ ಏನಿತ್ತೋ ಅಂತ ನಾನು ಆಗಾಗ ಯೋಚಿಸುತ್ತೇನೆ. ಬಂದವರಿಗೆ ಆ ಇಬ್ಬರು ತಮ್ಮಲ್ಲಿದ್ದುದನ್ನೆಲ್ಲ ಕೊಟ್ಟರು.

ಅದೇ ವರ್ಷದ ಜೂನ್ 9. ಟೋಕಿಯೋದ ನಿಪ್ಪಾನ್ ಬುಡೋಕನ್ ಕ್ರೀಡಾಂಗಣ. ಒಂದು ಕಡೆ ಮಿಸಾವಾ ಮತ್ತು ಕೊಬಾಶಿ, ಇನ್ನೊಂದು ಕಡೆ ಕವಾದಾ ಮತ್ತು ತವುಯೆ. ಕೊಬಾಶಿಯ ಕಾಲಿಗೆ ಮೊದಲೇ ಪೆಟ್ಟಾಗಿತ್ತು, ದಪ್ಪಗೆ ಪಟ್ಟಿ ಸುತ್ತಿಕೊಂಡೇ ರಿಂಗಿಗೆ ಬಂದಿದ್ದರು. ಎದುರಾಳಿಗಳು ಆ ಕಾಲನ್ನೇ ಹುಡುಕಿ ಹುಡುಕಿ ಹೊಡೆದರು. 40 ನಿಮಿಷ ದಾಟಿತು. ಮಿಸಾವಾ ಮೇಲೇಳಲಾಗದೆ ಬಿದ್ದಿದ್ದಾರೆ, ಕವಾದಾ ಹತ್ತಿರ ಬರುತ್ತಿದ್ದಾರೆ, ಕೊಬಾಶಿಗೆ ನಿಲ್ಲಲು ಕಾಲಿಲ್ಲ. ಆಗ ಅವರು ತೆವಳಿಕೊಂಡು ಹೋಗಿ ಮಿಸಾವಾರ ಮೇಲೆ ಅಡ್ಡ ಮಲಗಿಬಿಟ್ಟರು. ತಿರುಗಿ ಹೊಡೆಯಲು ಆಗುವುದಿಲ್ಲ, ಬೀಳುವ ಏಟನ್ನಾದರೂ ನಾನು ತಿನ್ನುತ್ತೇನೆ ಅನ್ನುವ ಹಾಗೆ. ಪಂದ್ಯವನ್ನು ಅವರು ಸೋತರು, ಕವಾದಾ ಮೊದಲ ಸಲ ಮಿಸಾವಾರ ಬೆನ್ನು ನೆಲಕ್ಕೆ ತಾಗಿಸಿದರು. ನನ್ನ ಕಣ್ಣಲ್ಲಿ ಉಳಿದಿರುವುದು ಆ ಮಲಗಿದ ಮೈ. ಪೈಲ್ವಾನ ದೊಡ್ಡವನಾಗುವುದು ಹೊಡೆದು ಮಾತ್ರ ಅಂತ ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ.

1996ರಲ್ಲಿ ಅವರಿಗೆ ಆಲ್ ಜಪಾನ್‌ನ ಅತಿ ದೊಡ್ಡ ಪಟ್ಟ ಸಿಕ್ಕಿತು. 1999ರಲ್ಲಿ ಬಾಬಾ ತೀರಿಕೊಂಡರು. ಮರುವರ್ಷ ಮಿಸಾವಾ ಹೊರಬಂದು ಪ್ರೊ ರೆಸ್ಲಿಂಗ್ ನೋಆ ಎಂಬ ಹೊಸ ಸಂಸ್ಥೆ ಕಟ್ಟಿದರು, ಹೆಚ್ಚುಕಮ್ಮಿ ಎಲ್ಲ ಪೈಲ್ವಾನರೂ ಅವರ ಜೊತೆ ನಡೆದರು, ಕೊಬಾಶಿ ಕೂಡ. ಆದರೆ ಆ ಹೊತ್ತಿಗೆ ಕೊಬಾಶಿಯ ಮೊಣಕಾಲು ಹಾಳಾಗಿತ್ತು. ಅವರಿಗೆ ಮೂನ್‌ಸಾಲ್ಟ್ ಅಂದರೆ ಪ್ರಾಣ. ಮೂಲೆಯ ಕಂಬದ ತುದಿ ಹತ್ತಿ, ಎದುರಾಳಿಗೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ಲಾಗ ಹಾಕಿ ಬಿದ್ದವನ ಮೇಲೆ ಬೀಳುವುದು. ನೂರು ಕಿಲೋಗೂ ಮೀರಿದ ಮೈ ಪ್ರತಿ ಸಲವೂ ಮೊಣಕಾಲಿನ ಮೇಲೆ ಇಳಿಯುತ್ತಿತ್ತು. 2001ರಲ್ಲಿ ಆಪರೇಷನ್ ಮೇಲೆ ಆಪರೇಷನ್, ಒಂದು ವರ್ಷಕ್ಕೂ ಜಾಸ್ತಿ ರಿಂಗಿನಿಂದ ದೂರ. 2002ರ ಫೆಬ್ರವರಿಯಲ್ಲಿ ವಾಪಸ್ ಬಂದ ಪಂದ್ಯದಲ್ಲೇ ಮತ್ತೆ ಪೆಟ್ಟಾಗಿ ಮತ್ತೆ ಹಾಸಿಗೆ.

ಇಲ್ಲಿಗೆ ಮುಗಿಯಿತು ಅಂತಲೇ ಯಾರಾದರೂ ಅನ್ನುತ್ತಿದ್ದರು. 2003ರ ಮಾರ್ಚ್ 1ರಂದು ಕೊಬಾಶಿ ಮಿಸಾವಾರನ್ನು ಗೆದ್ದು ನೋಆದ ಪಟ್ಟ ಕಟ್ಟಿಕೊಂಡರು. ಆ ಪಂದ್ಯದಲ್ಲಿ ಮಿಸಾವಾ ಕೊಬಾಶಿಯನ್ನು ಹಿಂದಿನಿಂದ ಹಿಡಿದು, ರಿಂಗಿಗೆ ನಡೆದು ಬರುವ ಎತ್ತರದ ದಾರಿಯಿಂದ ಕೆಳಗಿನ ನೆಲಕ್ಕೆ ಎಸೆದಿದ್ದರು. ಅದರಿಂದ ಎದ್ದು ಬಂದು ಗೆದ್ದದ್ದು. ಮುಂದಿನ 735 ದಿನ ಆ ಪಟ್ಟ ಅವರ ಹತ್ತಿರವೇ ಇತ್ತು, 13 ಸಲ ಉಳಿಸಿಕೊಂಡರು. ಅವರೆದುರು ಸೋತವರೂ ಆ ಪಂದ್ಯದಿಂದ ಹೆಸರು ಮಾಡಿದರು. ಎದುರಿನವರ ಏಟನ್ನು ಕೊಬಾಶಿ ಅಷ್ಟು ಮನಸಾರೆ ತಿನ್ನುತ್ತಿದ್ದರು, ಏಟು ಕೊಟ್ಟವರು ಜನರ ಕಣ್ಣಿಗೆ ದೊಡ್ಡವರಾಗಿ ಕಾಣುತ್ತಿದ್ದರು.

2006ರಲ್ಲಿ, 39ನೇ ವಯಸ್ಸಿನಲ್ಲಿ, ಕಿಡ್ನಿಯಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಒಂದು ಕಿಡ್ನಿ ತೆಗೆದರು. 546 ದಿನಗಳಾದ ಮೇಲೆ, 2007ರ ಡಿಸೆಂಬರ್ 2ರಂದು, ಬುಡೋಕನ್‌ನಲ್ಲಿ ಮತ್ತೆ ರಿಂಗಿಗೆ ಬಂದರು. ಜೊತೆಗಾರ ಯೊಶಿಹಿರೊ ತಕಾಯಾಮಾ, ಎದುರಿಗೆ ಮಿಸಾವಾ ಮತ್ತು ಜುನ್ ಅಕಿಯಾಮಾ. ಕಾಯಿಲೆಯಿಂದ ಎದ್ದು ಬಂದವರು ಅಂತ ಮಿಸಾವಾ ಕೈ ಸಡಿಲ ಬಿಡಲಿಲ್ಲ. ಅದು ಅವರು ಕೊಟ್ಟ ಮರ್ಯಾದೆ ಅಂತ ನಾನು ತಿಳಿದಿದ್ದೇನೆ. ಕೊಬಾಶಿ ಆ ಪಂದ್ಯ ಸೋತರು. ಜನ ಅಳುತ್ತಾ ಅವರ ಹೆಸರು ಕೂಗುತ್ತಿದ್ದರು.

ಈ ಕುಸ್ತಿಯನ್ನು ಇಷ್ಟು ಹೊಗಳಿ, ಅದು ತೆಗೆದುಕೊಂಡದ್ದನ್ನು ಮುಚ್ಚಿಡಬಾರದು. 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಮಿಸಾವಾ ಎಂದಿನಂಥ ಒಂದು ಎಸೆತಕ್ಕೆ ಬಿದ್ದರು, ಏಳಲಿಲ್ಲ. ಕತ್ತಿನಲ್ಲಿ ಬೆನ್ನುಹುರಿಗೆ ಪೆಟ್ಟಾಗಿತ್ತು. 46 ವರ್ಷ. ಬೀಳುವುದರಲ್ಲಿ ಅವರಂಥ ಜಾಣರು ಬೇರೆ ಇರಲಿಲ್ಲ ಅಂತ ಎಲ್ಲರೂ ಒಪ್ಪುತ್ತಿದ್ದರು. ಇಪ್ಪತ್ತು ವರ್ಷ ಕತ್ತಿನ ಮೇಲೆ ಬಿದ್ದ ಏಟುಗಳು ಎಲ್ಲಿ ಹೋಗಬೇಕು ಹೇಳಿ. ಅವತ್ತಿನಿಂದ ಆ ಹಳೆಯ ಪಂದ್ಯಗಳನ್ನು ನೋಡುವಾಗ, ತಲೆ ಕೆಳಗಾಗಿ ಯಾರಾದರೂ ಬೀಳುವ ಗಳಿಗೆಯಲ್ಲಿ ನನಗೆ ಚಪ್ಪಾಳೆ ತಟ್ಟಲು ಆಗುವುದಿಲ್ಲ.

ಕೊಬಾಶಿ ಕೊನೆಯ ಪಂದ್ಯ ಆಡಿದ್ದೂ 46ನೇ ವಯಸ್ಸಿನಲ್ಲೇ. 2013ರ ಮೇ 11, ಅದೇ ಬುಡೋಕನ್, 17 ಸಾವಿರ ಜನ. ಅವರ ಕಡೆ ಅಕಿಯಾಮಾ, ಕೇಜಿ ಮುತೊ, ಮತ್ತು ಎದೆಗೆ ಎದೆ ಕೊಟ್ಟ ಅದೇ ಸಸಾಕಿ. ಎದುರಿಗೆ ನಿಂತ ನಾಲ್ವರೂ ಒಂದು ಕಾಲದಲ್ಲಿ ಕೊಬಾಶಿಯ ಚೀಲ ಹೊತ್ತವರು, ಬಟ್ಟೆ ಒಗೆದವರು. ಅರ್ಧ ಗಂಟೆ ದಾಟಿದ ಮೇಲೆ, ಅವರಲ್ಲಿ ಒಬ್ಬರಾದ ಯೊಶಿನೊಬು ಕನೆಮಾರು ನೆಲದ ಮೇಲೆ ಮಲಗಿದ್ದರು. ಕೊಬಾಶಿ ಒಂದೊಂದೇ ಹೆಜ್ಜೆ ಇಟ್ಟು ಕಂಬ ಹತ್ತಿದರು, ಬೆನ್ನು ತಿರುಗಿಸಿ ನಿಂತರು, ಮುಷ್ಟಿ ಬಿಗಿಹಿಡಿದರು, ಆ ಮೊಣಕಾಲುಗಳಿಂದಲೇ ಇನ್ನೊಮ್ಮೆ ಹಿಂದಕ್ಕೆ ಲಾಗ ಹಾಕಿದರು. ಕೆಳಗೆ ಶಿಷ್ಯ ಅಲುಗಾಡದೆ ಕಾದಿದ್ದರು, ಗುರುವಿನ ಭಾರವನ್ನೆಲ್ಲ ತಮ್ಮ ಎದೆಯ ಮೇಲೆ ಹಾಕಿಕೊಂಡರು.

ನಮಸ್ಕಾರ.