ಯಾವ ತಾಲ್ಲೂಕು ಸಾರ್?

ಕೇಳುಗರಿಗೆ ನಮಸ್ಕಾರ.

ಒಂದು ರಾತ್ರಿ ನಮ್ಮ ದೊಡ್ಡಪ್ಪನಿಗೆ ಎದೆನೋವು ಬಂತು. ಹಣೆಯೆಲ್ಲ ಬೆವರು. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ‘ಗ್ಯಾಸ್ಟ್ರಿಕ್ ಇರಬೇಕು, ಓಮದ ನೀರು ಕುಡಿಸಿ.’ ಕುಡಿಸಿದೆವು. ಮುಕ್ಕಾಲು ಗಂಟೆ ಹಾಗೇ ಹೋಯಿತು. ನೋವು ಎಡಗೈಗೆ ಇಳಿದ ಮೇಲೆ ನಾನು 108ಕ್ಕೆ ಫೋನ್ ಮಾಡಿದೆ.

‘ಎಲ್ಲಿಂದ ಮಾತಾಡ್ತಿದ್ದೀರಿ?’

‘ಇಲ್ಲೇ, ಅರಳೀಕಟ್ಟೆ ಹತ್ರ.’

‘ಯಾವ ತಾಲ್ಲೂಕು ಸಾರ್?’

ಫೋನ್ ತೆಗೆದ ಹೆಣ್ಣುಮಗಳು ಎಲ್ಲೋ ದೂರದಲ್ಲಿ ಕೂತಿದ್ದಾರೆ. ಅವರಿಗೆ ನಮ್ಮ ಅರಳೀಕಟ್ಟೆ ಹೇಗೆ ಗೊತ್ತಾಗಬೇಕು? ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ. ಹೊರಗಿನವರಿಗೆ ದಾರಿ ಹೇಳೋಕೆ ಮಾತ್ರ ತಡವರಿಸಿದೆ.

ಅದಕ್ಕೇ ಫೋನಿನಲ್ಲಿ ಮೊದಲು ಜಾಗ ಹೇಳಿ. ತಾಲ್ಲೂಕು, ಹೋಬಳಿ, ಊರು, ಆಮೇಲೆ ಎಲ್ಲರಿಗೂ ಕಾಣುವ ಗುರುತು: ಹಾಲಿನ ಡೈರಿ, ಶಾಲೆ, ನ್ಯಾಯಬೆಲೆ ಅಂಗಡಿ. ಹೆದ್ದಾರಿಯಲ್ಲಿದ್ದರೆ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ, ಯಾವ ಊರಿನ ಕಡೆಗೆ ಹೋಗ್ತಿದ್ದಿರಿ ಅನ್ನೋದು. ಮಧ್ಯೆ ಲೈನ್ ಕಟ್ಟಾದರೂ ಗಾಡಿ ಹೊರಡೋಕೆ ಅಷ್ಟು ಸಾಕು. ಏನಾಯಿತು, ಎಷ್ಟು ಜನರಿಗೆ, ಉಸಿರಾಟ ಇದೆಯಾ ಅನ್ನುವುದು ಆಮೇಲೆ. ಅವರು ಹೇಳುವ ತನಕ ಫೋನ್ ಇಡಬೇಡಿ.

ಕರ್ನಾಟಕದಲ್ಲಿ 108 ಆಂಬುಲೆನ್ಸ್ 2008ರಿಂದ ಓಡಾಡುತ್ತಿದೆ, ದುಡ್ಡು ಕೊಡಬೇಕಿಲ್ಲ. ಒಂದೇ ನಂಬರ್ ನೆನಪಿಡ್ತೀನಿ ಅನ್ನುವವರು 112 ಇಟ್ಟುಕೊಳ್ಳಿ. ಪೊಲೀಸ್, ಬೆಂಕಿ, ಆಂಬುಲೆನ್ಸ್, ಮೂರಕ್ಕೂ ಅದೇ. ಕರೆನ್ಸಿ ಖಾಲಿಯಾಗಿದ್ದರೂ ಹೋಗುತ್ತೆ. ಲಾಕ್ ಆಗಿರುವ ಫೋನಿನಿಂದಲೂ ‘ಎಮರ್ಜೆನ್ಸಿ’ ಅಂತ ಇರುವುದನ್ನು ಒತ್ತಿ ಮಾಡಬಹುದು.

ಇನ್ನು ಯಾವಾಗ ಮಾಡಬೇಕು? ನೆಗಡಿ, ಸಣ್ಣ ಜ್ವರಕ್ಕೆ ಬೇಡ. ಬೆವರಿನ ಜೊತೆ ಎದೆನೋವು, ಏದುಸಿರು, ಪ್ರಜ್ಞೆ ತಪ್ಪಿದ್ದು, ನಿಲ್ಲದ ರಕ್ತ, ಹೆರಿಗೆ ನೋವು ಇದ್ದರೆ ತಕ್ಷಣ. ಬಾಯಿ ಒಂದು ಕಡೆ ವಾಲಿ ಮಾತು ತೊದಲಿದರೆ ಲಕ್ವ ಇರಬಹುದು. ಮೆದುಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೇ ಬೀಳಬೇಕು. ‘ಬೆಳಗ್ಗೆ ನೋಡೋಣ’ ಅಂದರೆ ಮುಗೀತು. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಅನುಮಾನ ಇದ್ದರೂ ಫೋನ್ ಮಾಡಿ. ‘ಸುಮ್ನೆ ಯಾಕೆ ತೊಂದರೆ ಕೊಡೋದು’ ಅನ್ನುವ ಸಂಕೋಚ ನಮ್ಮವರಿಗೆ ಜಾಸ್ತಿ, ಅಲ್ವಾ?

ರಸ್ತೆಯಲ್ಲಿ ಆಕ್ಸಿಡೆಂಟ್ ಆದರೆ ಇನ್ನೊಂದು ಭಯ, ಪೊಲೀಸು, ಕೋರ್ಟು ಅಂತ ಅಲೆಸ್ತಾರೆ ಅನ್ನೋದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಒಳ್ಳೆ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ. ಹೆಸರು ಹೇಳಲೇಬೇಕು ಅಂತಲೂ ಯಾರೂ ಒತ್ತಾಯ ಮಾಡುವ ಹಾಗಿಲ್ಲ.

ಆ ರಾತ್ರಿ ಗಾಡಿ ಬಂತು. ನನ್ನ ತಮ್ಮ ಟಾರ್ಚ್ ಹಿಡಿದು ರಸ್ತೆ ತಿರುವಿನಲ್ಲಿ ನಿಂತಿದ್ದ, ಗೇಟೂ ತೆಗೆದಿತ್ತು. ಆದರೂ ಸ್ಟ್ರೆಚರ್ ಹಿಡಿದವರು ಅಂಗಳದಲ್ಲೇ ನಿಂತುಬಿಟ್ಟರು. ನಮ್ಮ ನಾಯಿ ಕಟ್ಟೋಕೆ ಯಾರಿಗೂ ನೆನಪಾಗಿರಲಿಲ್ಲ!

ದೊಡ್ಡಪ್ಪ ಸ್ಟೆಂಟ್ ಹಾಕಿಸಿಕೊಂಡು ಈಗ ಮತ್ತೆ ತೋಟಕ್ಕೆ ಹೋಗುತ್ತಾರೆ. ನಾನು ತಾಲ್ಲೂಕು, ಹೋಬಳಿ, ಊರು, ಗುರುತು ಎಲ್ಲ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದೆ. ಮಾರನೇ ದಿನ ನೋಡಿದರೆ, ಅದರ ಕೆಳಗೆ ದೊಡ್ಡಪ್ಪನ ಕೈಬರಹ: ‘ನಾಯಿ ಕಟ್ಟಿ.’

ನಮಸ್ಕಾರ.