1,250 ಚದರ ಮೀಟರ್ ಬಟ್ಟೆ

ಎಲ್ಲರಿಗೂ ನಮಸ್ಕಾರ.

1979ರ ಸೆಪ್ಟೆಂಬರ್ 16ರ ನಸುಕಿನಲ್ಲಿ ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯಿಂದ ಎರಡು ಕುಟುಂಬಗಳು ಮನೆಯಲ್ಲೇ ಹೊಲಿದ ಬಿಸಿಗಾಳಿ ಬಲೂನಿನಲ್ಲಿ ಗಡಿ ದಾಟಿ ಪಶ್ಚಿಮ ಜರ್ಮನಿಯ ಬವೇರಿಯಾದಲ್ಲಿ ಇಳಿದವು. ನಾಲ್ವರು ದೊಡ್ಡವರು, ನಾಲ್ವರು ಮಕ್ಕಳು. ಕಿರಿಯ ಮಗುವಿಗೆ ಎರಡು ವರ್ಷ. ಹಾರಾಟಕ್ಕೆ ಹಿಡಿದದ್ದು 28 ನಿಮಿಷ, ತಯಾರಿಗೆ ಹಿಡಿದದ್ದು ಒಂದೂವರೆ ವರ್ಷ. ಈ ಕತೆ ಹೇಳುವವರೆಲ್ಲ ಆ 28 ನಿಮಿಷಕ್ಕೇ ಓಡುತ್ತಾರೆ. ನಾನು ಇವತ್ತು ಹೆಚ್ಚು ಹೊತ್ತು ಮಾತಾಡುವುದು ಬಟ್ಟೆಯ ಬಗ್ಗೆ. ಎರಡು ಬಲೂನು ಕೈಕೊಟ್ಟು ಮೂರನೆಯದು ಹಾರಿದ್ದರ ಲೆಕ್ಕವೆಲ್ಲ ಬಟ್ಟೆಯ ಸುತ್ತಲೇ ಇದೆ.

ಮೊದಲು ಗಡಿಯ ವಿಚಾರ. ಎರಡು ಜರ್ಮನಿಗಳ ನಡುವಿನ ಗಡಿ 1,393 ಕಿಲೋಮೀಟರ್ ಉದ್ದ. ಪೂರ್ವದ ಕಡೆಯಿಂದ ಬಂದರೆ ಮೊದಲು 5 ಕಿ.ಮೀ. ಆಳದ ನಿರ್ಬಂಧಿತ ವಲಯ ಸಿಗುತ್ತಿತ್ತು. ಪರವಾನಗಿ ಇಲ್ಲದೆ ಅದರೊಳಗೆ ಕಾಲಿಡುವಂತಿಲ್ಲ. ಕೊನೆಯ 500 ಮೀಟರಿನಲ್ಲಿ ಕಾವಲು ಗೋಪುರ, ಹಲವು ಕಡೆ ನೆಲಬಾಂಬು, ಬೇಲಿಗೆ ತಾನಾಗಿ ಸಿಡಿಯುವ ಗುಂಡಿನ ಸಾಧನ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ನೆಲದ ಮೇಲೆ ದಾಟುವ ಮಾತೇ ಇಲ್ಲ.

ಪೋಸ್ನೆಕ್ ಎಂಬ ಸಣ್ಣ ಪಟ್ಟಣದ ಪೀಟರ್ ಸ್ಟ್ರೆಲ್ಟ್ಸಿಕ್, ಗುಂಟರ್ ವೆಟ್ಸೆಲ್ ಸಹೋದ್ಯೋಗಿಗಳು. ಸ್ಟ್ರೆಲ್ಟ್ಸಿಕ್ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು, ಆಮೇಲೆ ಎಲೆಕ್ಟ್ರಿಷಿಯನ್. ವೆಟ್ಸೆಲ್ ಗಾರೆ ಕೆಲಸ ಕಲಿತವರು. 1978ರ ಮಾರ್ಚಿನಲ್ಲಿ ಇಬ್ಬರೂ ಯೋಚನೆಗೆ ಕೂತಾಗ ಮೊದಲು ಹೊಳೆದದ್ದು ಹೆಲಿಕಾಪ್ಟರ್. ಅಷ್ಟು ಬಲದ ಎಂಜಿನ್ ಸಿಗುವುದಿಲ್ಲವೆಂದು ಅದನ್ನು ಬಿಟ್ಟು ಬಲೂನಿಗೆ ಬಂದರು.

ಈಗ ಲೆಕ್ಕ. ತಂಪು ವಾತಾವರಣದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಅದನ್ನೇ 100 ಡಿಗ್ರಿಗೆ ಕಾಯಿಸಿದರೆ 0.95 ಕಿಲೋ. ವ್ಯತ್ಯಾಸ ಸುಮಾರು ಕಾಲು ಕಿಲೋ. ಒಂದು ಘನ ಮೀಟರ್ ಬಿಸಿಗಾಳಿ ಎತ್ತಬಲ್ಲದ್ದು ಇಷ್ಟೇ. ಎಂಟು ಜನ, ಗ್ಯಾಸ್ ಸಿಲಿಂಡರು, ಜನ ನಿಲ್ಲುವ ತಟ್ಟೆ, ಬಟ್ಟೆ ಎಲ್ಲ ಸೇರಿ 750 ಕಿಲೋ ಆಗಬಹುದೆಂದು ಅವರು ಅಂದಾಜಿಸಿ 2,000 ಘನ ಮೀಟರಿನ ಬಲೂನು ಸಾಕು ಅಂದುಕೊಂಡರು. ನಾನು ಹೇಳಿದ ಅಂಕಿಯಿಂದ ನೀವೇ ಗುಣಿಸಿ ನೋಡಿ: 500 ಕಿಲೋದ ಹತ್ತಿರಕ್ಕೆ ನಿಂತುಬಿಡುತ್ತದೆ. ಎಂಟು ಜನಕ್ಕೆ ಅದು ಶುರುವಿನಿಂದಲೇ ಸಾಲದ ಅಳತೆ.

ಆದರೆ ಮೊದಲ ಬಲೂನು ಆ ಪರೀಕ್ಷೆಯವರೆಗೂ ಬರಲಿಲ್ಲ. ಗೇರಾ ನಗರದ ಅಂಗಡಿಯಲ್ಲಿ ಒಂದು ಮೀಟರ್ ಅಗಲದ ಹತ್ತಿ ಬಟ್ಟೆ 850 ಮೀಟರ್ ಕೊಂಡರು. ಅಷ್ಟೇಕೆ ಎಂದವರಿಗೆ ಕ್ಯಾಂಪಿಂಗ್ ಕ್ಲಬ್ಬಿನ ಡೇರೆಗೆ ಲೈನಿಂಗ್ ಎಂದರು. ನಲವತ್ತು ವರ್ಷ ಹಳೆಯ ಹೊಲಿಗೆ ಮಷೀನಿನಲ್ಲಿ ವೆಟ್ಸೆಲ್ ಎರಡು ವಾರ ಹೊಲಿದರು. ಗಾಳಿ ತುಂಬಲು 250 ಸಿ.ಸಿ. ಮೋಟಾರ್ ಸೈಕಲ್ ಎಂಜಿನಿಗೆ ಒಂದು ಮೀಟರಿನ ಫ್ಯಾನ್ ಕೂಡಿಸಿ, ಸದ್ದಡಗಿಸಲು ಟ್ರಾಬಾಂಟ್ ಕಾರಿನ ಸೈಲೆನ್ಸರ್ ಹಾಕಿದರು. ಆದರೂ ಬಲೂನು ಉಬ್ಬಲಿಲ್ಲ. ಹತ್ತಿ ಬಟ್ಟೆಯ ಎಳೆಗಳ ಸಂದಿನಲ್ಲಿ ಗಾಳಿ ಸೋರಿಹೋಗುತ್ತದೆ. ಪಂಚೆಯನ್ನು ಬಾಯಿಗಿಟ್ಟು ಊದಿ ನೋಡಿದರೆ ಯಾರಿಗಾದರೂ ತಿಳಿಯುವ ಸಂಗತಿ. 2,400 ಮಾರ್ಕಿನ ಬಟ್ಟೆ ಸ್ವಲ್ಪ ಸ್ವಲ್ಪವಾಗಿ ಮನೆಯ ಒಲೆಗೆ ಹೋಯಿತು. ಒಟ್ಟಿಗೆ ಸುಟ್ಟರೆ ಊರಿಗೇ ಗೊತ್ತಾಗುತ್ತಿತ್ತು.

ಎರಡನೇ ಸಲ ಬುದ್ಧಿ ಓಡಿತು. ಕೊಳ್ಳುವ ಮುಂಚೆ ಛತ್ರಿ ಬಟ್ಟೆ, ಟಾಫೆಟಾ ಎಂಬ ಒತ್ತು ನೇಯ್ಗೆಯ ನಯವಾದ ಬಟ್ಟೆ, ನೈಲಾನ್ ಹೀಗೆ ತುಂಡುಗಳನ್ನು ತಂದರು. ವ್ಯಾಕ್ಯೂಮ್ ಕ್ಲೀನರ್‌ಗೆ ನೀರು ತುಂಬಿದ ಗಾಜಿನ ಕೊಳವೆಯನ್ನು ಜೋಡಿಸಿ ತುಂಡನ್ನು ಬಾಯಿಗೆ ಕಟ್ಟಿದರು. ಬಟ್ಟೆ ಗಾಳಿಯನ್ನು ಎಷ್ಟು ಚೆನ್ನಾಗಿ ತಡೆಯುತ್ತದೋ ಯಂತ್ರದ ಸೆಳೆತ ನೀರಿನ ಮೇಲೆ ಅಷ್ಟು ಬಲವಾಗಿ ಬೀಳುತ್ತದೆ, ನೀರಿನ ಮಟ್ಟ ಅಷ್ಟು ಸರಿಯುತ್ತದೆ. ಶಾಖ ತಾಳುತ್ತದೆಯೇ ಎಂದು ಅಡುಗೆಮನೆಯ ಒವನ್ನಿನಲ್ಲಿ ಇಟ್ಟು ನೋಡಿದರು. ಇಡೀ ಸಾಹಸದಲ್ಲಿ ನನಗೆ ಅತ್ಯಂತ ಇಷ್ಟವಾದ ಉಪಕರಣ ಆ ವ್ಯಾಕ್ಯೂಮ್ ಕ್ಲೀನರ್ ಜೋಡಣೆಯೇ. ಯಾವ ಪ್ರಯೋಗಾಲಯದಲ್ಲಿ ಇಟ್ಟರೂ ನಾಚಬೇಕಿಲ್ಲ. ಗೆದ್ದದ್ದು ಛತ್ರಿ ಬಟ್ಟೆ, ಆದರೆ ಬೆಲೆ ಕೈಗೆಟುಕಲಿಲ್ಲ. ಟಾಫೆಟಾಕ್ಕೆ ಬಂದರು. ಲೈಪ್‌ಜಿಗ್‌ನಲ್ಲಿ, ಈ ಸಲ ದೋಣಿಯ ಹಾಯಿಗೆ ಎಂದು ಹೇಳಿ, 800 ಮೀಟರ್ ಕೊಂಡರು.

ಬಟ್ಟೆ ಗೆದ್ದಿತು, ಗಾಳಿ ಕಾಯಿಸುವ ಗ್ಯಾಸ್ ಬರ್ನರ್ ಸೋತಿತು. ನಿಲ್ಲಿಸಿದ ಸಿಲಿಂಡರಿನಿಂದ ಹೊರಬರುವುದು ಮೇಲಿನ ಅನಿಲ. ಒಳಗಿನ ದ್ರವ ಕುದಿದು ಅನಿಲವಾದಷ್ಟು ಮಾತ್ರ ಉರಿ. ಕುದಿಯುವಾಗ ದ್ರವ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ, ಉರಿ ಸಣ್ಣಗಾಗುತ್ತದೆ. ಮದುವೆಮನೆಯ ಅಡುಗೆಯವರಿಗೆ ಇದು ಹೊಸದಲ್ಲ: ದೊಡ್ಡ ಒಲೆ ಹಚ್ಚಿದಾಗ ಸಿಲಿಂಡರಿನ ಮೈ ಬೆವರುತ್ತದೆ, ಅದನ್ನು ನೀರಿನ ಟಬ್ಬಿನಲ್ಲಿ ಕೂರಿಸುತ್ತಾರೆ. ತಿಂಗಳುಗಟ್ಟಲೆ ಇಲ್ಲಿ ಸಿಕ್ಕಿಬಿದ್ದು ವೆಟ್ಸೆಲ್ ಕೈಬಿಟ್ಟರು. ಸ್ಟ್ರೆಲ್ಟ್ಸಿಕ್ ಬಿಡಲಿಲ್ಲ. 1979ರ ಜೂನಿನಲ್ಲಿ ಸಿಲಿಂಡರನ್ನು ತಲೆಕೆಳಗಾಗಿಸಿದರು. ಈಗ ಬರ್ನರಿಗೆ ಬಂದದ್ದು ದ್ರವವೇ, ಜ್ವಾಲೆ ಹಲವು ಪಟ್ಟು ದೊಡ್ಡದು. ಇವತ್ತಿನ ಬಿಸಿಗಾಳಿ ಬಲೂನುಗಳ ಬರ್ನರಿಗೂ ದ್ರವ ಪ್ರೊಪೇನನ್ನೇ ಹರಿಸುತ್ತಾರೆ.

ಜುಲೈ 3ರ ರಾತ್ರಿ ಸ್ಟ್ರೆಲ್ಟ್ಸಿಕ್ ಕುಟುಂಬದ ನಾಲ್ವರೇ ಹಾರಿದರು. ಸುಮಾರು 2,000 ಮೀಟರ್ ಏರಿ ಮೋಡದೊಳಗೆ ಹೊಕ್ಕಿತು ಬಲೂನು. ಅಲ್ಲೇ ಎಡವಟ್ಟು. ಮೋಡದ ತೇವ ಬಟ್ಟೆಯ ಮೇಲೆ ಹನಿಗಟ್ಟಿತು. 800 ಚದರ ಮೀಟರ್ ಬಟ್ಟೆ, ಚದರ ಮೀಟರಿಗೆ ಬರೀ 100 ಗ್ರಾಂ ನೀರು ಹಿಡಿದರೂ 80 ಕಿಲೋ, ಅಂದರೆ ಇನ್ನೊಬ್ಬ ವಯಸ್ಕ ಹತ್ತಿ ಕೂತಂತೆ. ಬಲೂನು ಇಳಿಯಿತು. ಇಳಿದ ಜಾಗ ಯಾವ ದೇಶದ್ದೆಂದು ತಿಳಿದದ್ದು ನೆಲದಲ್ಲಿ ಬಿದ್ದಿದ್ದ ಬ್ರೆಡ್ಡಿನ ಚೀಲದಿಂದ. ಅದರ ಮೇಲಿದ್ದದ್ದು ಪೂರ್ವ ಜರ್ಮನಿಯ ವೆರ್ನಿಗೆರೋಡೆ ಊರಿನ ಬೇಕರಿಯ ಹೆಸರು. ಗಡಿ ಇನ್ನೂ 180 ಮೀಟರ್ ಮುಂದಿತ್ತು. ಬಲೂನನ್ನು ಅಲ್ಲೇ ಬಿಟ್ಟು, ಒಂಬತ್ತು ತಾಸು ಹಿಡಿದು ಹೆಜ್ಜೆ ನೋಡಿಕೊಂಡು ಆ ವಲಯದಿಂದ ಹೊರಬಂದರು. ಆಗಸ್ಟ್ 14ರಂದು ಪೊಲೀಸರು ಅಲ್ಲಿ ಸಿಕ್ಕ ಸಾಮಾನುಗಳ ಪಟ್ಟಿ ಪ್ರಕಟಿಸಿದರು. ಸಿಕ್ಕಿಬೀಳಲು ಇನ್ನು ಎಷ್ಟು ದಿನ ಎಂಬುದಷ್ಟೇ ಪ್ರಶ್ನೆ.

ವೆಟ್ಸೆಲ್ ಮತ್ತೆ ಸೇರಿಕೊಂಡರು. ಎಂಟು ಜನಕ್ಕೆ ಅಳತೆ ಇಮ್ಮಡಿಯಾಯಿತು: 4,000 ಘನ ಮೀಟರ್, 20 ಮೀಟರ್ ಅಗಲ, 25 ಮೀಟರ್ ಎತ್ತರ, 1,250 ಚದರ ಮೀಟರ್ ಟಾಫೆಟಾ. ಈಗ ಒಂದೇ ಅಂಗಡಿಯಲ್ಲಿ ನೂರಾರು ಮೀಟರ್ ಕೇಳಿದರೆ ಅಂಗಡಿಯವರೇ ಪೊಲೀಸರಿಗೆ ಸಾಕ್ಷಿ. ಆದ್ದರಿಂದ ದೇಶದ ಹಲವು ಊರುಗಳ ಅಂಗಡಿಗಳಲ್ಲಿ, ಸಿಕ್ಕ ಬಣ್ಣದಲ್ಲಿ, ಸ್ವಲ್ಪ ಸ್ವಲ್ಪ ಕೊಂಡರು. ರೆಗೆನ್ಸ್‌ಬುರ್ಗ್‌ನ ಬವೇರಿಯಾ ಇತಿಹಾಸ ಸಂಗ್ರಹಾಲಯದಲ್ಲಿ ಈ ಬಲೂನು ಈಗ ಇದೆ. ಅದರ ಪಟ್ಟಿಗಳ ಬಣ್ಣ ಬದಲಾಗುವುದು ಈ ಕಾರಣಕ್ಕೆ. ಆರು ವಾರದ ಹೊಲಿಗೆ, 6 ಕಿಲೋಮೀಟರಿಗೂ ಹೆಚ್ಚು ದಾರ. ಬಲೂನು 180 ಕಿಲೋ, ಹೊರೆ 550 ಕಿಲೋ. 4,000 ಘನ ಮೀಟರಿಗೆ ಇದು ಹಗುರ, ಒಳಗಿನ ಗಾಳಿ 70 ಡಿಗ್ರಿಯ ಆಸುಪಾಸಿಗೆ ಕಾದರೂ ಏರುತ್ತದೆ. ಮೂರನೆಯದಕ್ಕೆ ಈ ಉಳಿಕೆ ಇತ್ತು.

ಹತ್ತಿದ್ದು 1.4 ಮೀಟರ್ ಚೌಕದ ಉಕ್ಕಿನ ತಟ್ಟೆ, ಕಟಕಟೆಯ ಜಾಗದಲ್ಲಿ ಬಟ್ಟೆ ಒಣಹಾಕುವ ಹಗ್ಗ. ಅದರ ಮೇಲೆ ಸಿಲಿಂಡರುಗಳು, ಎಂಟು ಜನ. ನಮ್ಮ ಊರಿನ ಹಳೆಯ ಲಿಫ್ಟಿನಷ್ಟು ಜಾಗವೂ ಇಲ್ಲ.

ನಸುಕಿನ 2 ಗಂಟೆ ದಾಟುತ್ತಲೇ ಹೊರಟರು. ಕಟ್ಟಿದ ಹಗ್ಗಗಳನ್ನು ಒಂದೇ ಗಳಿಗೆಯಲ್ಲಿ ಕಡಿಯಲಾಗಲಿಲ್ಲ, ತಟ್ಟೆ ವಾಲಿತು, ಜ್ವಾಲೆ ಬಟ್ಟೆಗೆ ತಾಗಿ ಬೆಂಕಿ ಹತ್ತಿತು. ಬೆಂಕಿ ಆರಿಸುವ ಸಾಧನ ತಂದಿದ್ದರಿಂದ ಉಳಿದರು. ಒಂಬತ್ತು ನಿಮಿಷದಲ್ಲಿ 2,000 ಮೀಟರ್, ಮುಂದೆ 2,500ಕ್ಕೆ. ಹೊರಗೆ ಮೈನಸ್ 8 ಡಿಗ್ರಿ. ಬರ್ನರಿನ ಕೊಳವೆ ತುಸು ಉದ್ದವಾಗಿದ್ದು ಜ್ವಾಲೆ ಬಲೂನಿನ ಒಳಗೆ ತೀರಾ ಮೇಲಕ್ಕೆ ಹೋಗಿ, ಒತ್ತಡಕ್ಕೆ ನೆತ್ತಿಯ ಬಟ್ಟೆ ಹರಿಯಿತು. ಬರ್ನರ್ ಆರಿತು, ಬೆಂಕಿಕಡ್ಡಿ ಗೀರಿ ಮತ್ತೆ ಹಚ್ಚಿದರು. ಕೊನೆಗೆ ಗ್ಯಾಸೇ ಮುಗಿದು ರಭಸವಾಗಿ ಇಳಿಯಿತು.

ಇಳಿದದ್ದು ನೈಲಾ ಪಟ್ಟಣದ ಬಳಿ, ಗಡಿಯಿಂದ ಸುಮಾರು 10 ಕಿ.ಮೀ. ಒಳಗೆ. ವೆಟ್ಸೆಲ್ ಕಾಲು ಮುರಿಯಿತು, ಉಳಿದವರಿಗೆ ದೊಡ್ಡ ಗಾಯವಿಲ್ಲ. ಎಲ್ಲಿದ್ದೇವೆಂದು ಆಗಲೂ ಖಚಿತವಿಲ್ಲ. ಸುತ್ತಲಿನ ಹೊಲಗಳು ಸಣ್ಣವು, ಕೃಷಿ ಯಂತ್ರ ಹೊಸ ಮಾದರಿಯವು. ಸಾಮೂಹಿಕ ಬೇಸಾಯದ ಪೂರ್ವದಲ್ಲಿ ಅಂಥ ಸಣ್ಣ ಹಿಡುವಳಿ ಕಾಣಸಿಗದು. ಅಷ್ಟರಲ್ಲಿ ಬಂದ ಪೊಲೀಸರ ಗಾಡಿ ಪಶ್ಚಿಮ ಜರ್ಮನಿಯ ಆಡಿ ಕಾರು. ಇದು ಪಶ್ಚಿಮವೇ ಎಂದು ಅವರನ್ನೇ ಕೇಳಿದರು.

ಆ ಕಡೆ ಪೂರ್ವ ಜರ್ಮನಿಯ ಸರ್ಕಾರ ಗಡಿಯ ಹತ್ತಿರದ ಸಣ್ಣ ವಿಮಾನ ನಿಲ್ದಾಣಗಳನ್ನು ಮುಚ್ಚಿತು. ಪ್ರೊಪೇನ್ ಸಿಲಿಂಡರಿಗೆ ನೋಂದಣಿ ಬಂತು. ಬಲೂನಿಗೆ ಒಗ್ಗುವ ಬಟ್ಟೆಯನ್ನು ಹೆಚ್ಚು ಪ್ರಮಾಣದಲ್ಲಿ ಮಾರುವುದು ನಿಂತಿತು. ಹಾರಿದವರು ಕೈಗೆ ಸಿಗದ ಕಾರಣ ಸ್ಟ್ರೆಲ್ಟ್ಸಿಕ್ ಅವರ ಬಂಧುಗಳನ್ನು ಹಿಡಿದರು, ಅವರಿಗೆ ಜೈಲು ಶಿಕ್ಷೆಯಾಯಿತು. ಅವರು ಹೊರಬಂದದ್ದು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ನೆರವಿನಿಂದ.