ಬೆರಳಿಗೆ ಸಿಗೋ ಆರ್ಡುಯಿನೋ: ಕಲಬುರಗಿಯ ಕ್ಲಾಸಿನ್ಯಾಗ

ನಮಸ್ಕಾರ್ರಿ. ಆರ್ಡುಯಿನೋ ಅಂದ್ರ ಕೋಡ್ ಬರೆದು ನಡೆಸೋ ಸಣ್ಣ ಸರ್ಕ್ಯೂಟ್ ಬೋರ್ಡ್. ಕಣ್ಣು ಕಾಣದ ಹುಡುಗರಿಗೆ ಅದನ್ನ ಕಲಿಸೋದು ಹೆಂಗ ಅಂತ ಕಲಬುರಗಿಯ ಈ ಕ್ಲಾಸಿನ್ಯಾಗ ತೋರಿಸ್ತೀವಿ. ಎಲ್ಲಾ ಕಡಿ ಮೊದಲನೇ ಪಾಠ ಒಂದೇ: 13ನೇ ಪಿನ್ನಿನ ಎಲ್‌ಇಡಿ ಮಿಣುಕಿಸ್ರಿ. ಆ ಪಾಠದಾಗ ಈ ಹುಡುಗರ ಕೈಗೆ ಏನೂ ಸಿಗೋದಿಲ್ಲ. ಬಾಜೂ ಕೂತವರು "ಹತ್ತಿತು ನೋಡಪಾ" ಅಂದ್ರ ನಂಬಬೇಕು. ತಾನು ಬರೆದದ್ದು ನಡೀತೋ ಇಲ್ಲೋ ಅಂತ ಯಾರನ್ನೂ ಕೇಳದೇ ತಿಳೀಬೇಕು, ಪ್ರೋಗ್ರಾಮಿಂಗ್ ಕಲಿಯೋದಂದ್ರ ಅದೇ. ಅದಕ್ಕ ಎಲ್‌ಇಡಿ ಬಿಟ್ಟು ಬಜರ್‌ನಿಂದ ಸುರು ಮಾಡ್ತೀವಿ.

ಅಂಗಡಿಯಾಗ ಪ್ಯಾಸಿವ್ ಬಜರ್ ಅಂತಲೇ ಕೇಳ್ರಿ, ಅದು ಕೋಡಿನ್ಯಾಗ ಹೇಳಿದ ಸ್ವರ ನುಡೀತದ. ಆಕ್ಟಿವ್ ಬಜರಿಗೆ 5 ವೋಲ್ಟ್ ಕೊಟ್ರ ತಾನೇ ಒಂದೇ ಸ್ವರದಾಗ ಕೂಗ್ತದ, ಬ್ಯಾರೆ ಸ್ವರ ಕೇಳಿದ್ರ ಗೊರಗೊರ ಅಂತದ. ಕಾಯಿಲ್ ಇರೋ ಬಜರ್ ಸಿಕ್ಕಿದ್ರ 220 ಓಮ್ ರೆಸಿಸ್ಟರ್ ಸೇರಿಸ್ರಿ. ಅಂಥಾ ಕಾಯಿಲ್ ಎಷ್ಟೋ ಸಲ 16 ಓಮ್ ಅಷ್ಟೇ ಇರ್ತದ, ಬೋರ್ಡಿನ ಒಂದು ಪಿನ್ನಿಂದ 20 ಮಿಲಿಆಂಪ್ ಆಸುಪಾಸು ಎಳೆಯೋದು ಛಲೋ. ನಾಲ್ಕು ಮೇಜಿನ ಬಜರ್ ಒಮ್ಮೆಲೇ ಕೂಗಿದ್ರ ಯಾರದು ಯಾವುದಂತ ಗೊತ್ತಾಗಂಗಿಲ್ಲ. ಮೇಜಿಗೊಂದು ಸ್ವರ ಹಂಚ್ರಿ: 262, 330, 392, 523 ಹರ್ಟ್ಜ್.

ಈಗ ಬೋರ್ಡ್. ಊನೋ ಆರ್3 ಅನ್ನೋ ಆರ್ಡುಯಿನೋ ಬೋರ್ಡ್ ತಗೊಂಡು ಯುಎಸ್‌ಬಿಯ ಲೋಹದ ಚೌಕ ಎಡಕ್ಕ ಬರೋ ಹಂಗ ಇಡ್ರಿ. ಮ್ಯಾಲಿನ ಪಿನ್ ಸಾಲಿನ್ಯಾಗ ಉಗುರು ಎಳೆದ್ರ ನಡುವೆ ಒಂದು ಸಂದು ಸಿಗ್ತದ. ಸಂದಿನ ಎಡಕ್ಕ 8, ಬಲಕ್ಕ 7. ಬಜರ್ 8ಕ್ಕೇ ಹಾಕೋದು ಅದಕ್ಕ, ಎಣಿಸೋ ಕೆಲಸಾನೇ ಇಲ್ಲ. ಕೆಳಗಿನ ಸಾಲಿನ್ಯಾಗೂ ಸಂದು ಅದ. ಅದರ ಬಲಕ್ಕ ಎ0, ಸೆನ್ಸರಿನ ವೋಲ್ಟೇಜ್ ಅಳಿಯೋ ಪಿನ್. ಎಡಕ್ಕ ಎಣಿಸಿದ್ರ ಮೊದಲು ವಿನ್ (ಹೊರಗಿನ ಪವರ್ ಕೊಡೋ ಪಿನ್), ಆಮ್ಯಾಲ ಎರಡು ಗ್ರೌಂಡ್, ನಾಲ್ಕನೇದು 5 ವೋಲ್ಟ್. ಗ್ರೌಂಡ್ ಅಂತ ವಿನ್‌ನಾಗ ತೂರಿಸೋದು ಭಾಳ ಆಗ್ತದ, ಬಜರ್ ಕೂಗದಿದ್ರ ಮೊದಲು ಅಲ್ಲೇ ಕೈಯಾಡಿಸ್ರಿ. ವೈರಿನ ಬಣ್ಣ ಇಲ್ಲಿ ಉಪಯೋಗಿಲ್ಲ, ಗಂಟು ಉಪಯೋಗ: ಗ್ರೌಂಡ್ ವೈರಿಗೆ ಒಂದು ಗಂಟು, 5 ವೋಲ್ಟಿಗೆ ಎರಡು. ವೈರ್ 10 ಸೆಂಟಿಮೀಟರ್ ಸಾಕು, ಉದ್ದ ಆದ್ರ ಬೆರಳು ದಾರಿ ತಪ್ಪತದ. ಬ್ರೆಡ್‌ಬೋರ್ಡ್ ಅಂದ್ರ ಬೆಸುಗೆ ಇಲ್ಲದೇ ವೈರ್ ಸಿಗಿಸೋ ತೂತಿನ ಹಲಿಗಿ, ಅದರ ಐದೈದು ಸಾಲಿಗೊಂದು ನೇಲ್ ಪಾಲಿಶ್ ಹನಿ ದಪ್ಪಗೆ ಇಟ್ಟು ಒಣಗಿಸ್ರಿ. ಫೆವಿಕ್ವಿಕ್ ಬ್ಯಾಡ, ಹರಿದು ತೂತು ಮುಚ್ಚತದ.

ಕೋಡ್ ಬರೆಯೋದು ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನಾಗ, ಬೋರ್ಡಿಗೆ ಕಳಿಸೋದು ಆರ್ಡುಯಿನೋ-ಸಿಎಲ್‌ಐ ಆಜ್ಞೆಯಿಂದ. ಎರಡೂ ಬರೀ ಅಕ್ಷರ, ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ (ಪರದೆ ಮ್ಯಾಲಿಂದು ಓದಿ ಹೇಳೋ ಸಾಫ್ಟ್‌ವೇರ್) ಸರಾಗ ಓದ್ತದ. ಫೋಲ್ಡರಿನ ಹೆಸರು, ಸ್ಕೆಚ್ ಫೈಲಿನ (ಆರ್ಡುಯಿನೋ ಕೋಡ್ ಇರೋ ಫೈಲಿನ) ಹೆಸರು ಒಂದೇ ಇರಬೇಕು. ಎನ್‌ವಿಡಿಎ ಮೊದಲಿದ್ದಂಗೇ ಬಿಟ್ರ ಸೆಮಿಕೋಲನ್, ಬ್ರ್ಯಾಕೆಟ್ ಎಷ್ಟೋ ನುಂಗಿಬಿಡ್ತದ. ಇನ್ಸರ್ಟ್ ಜೊತಿ ಪಿ ಒತ್ತಿ ಚಿಹ್ನೆಗಳ ಮಟ್ಟ "ಆಲ್" ಮಾಡ್ರಿ. ಕನ್ನಡ ದನಿಯಾಗ ಕೋಡ್ ಕೇಳಿದ್ರ ಗೊಂದಲ, ಹಂಗಾಗಿ ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ಗಷ್ಟೇ ಇಂಗ್ಲಿಷ್ ದನಿಯ ಪ್ರೊಫೈಲ್ ಮಾಡಿಡ್ರಿ. ಎರರ್ ಬಂದ್ರ ಸಾಲಿನ ನಂಬರ್ ಕೇಳಿ, ಕಂಟ್ರೋಲ್ ಜಿ ಒತ್ತಿ ಅಲ್ಲಿಗೆ ಹೋಗೋದು. ಸೆಮಿಕೋಲನ್ ಬಿಟ್ಟಿದ್ರ ಅದು ಹೇಳೋ ಸಾಲು ಭಾಳ ಸಲ ಮುಂದಿನದಿರ್ತದ, ಮ್ಯಾಲಿನ ಸಾಲೂ ಓದಿಸ್ರಿ.

ಬೋರ್ಡ್ ಕಳಿಸಿದ್ದನ್ನ ಕಂಪ್ಯೂಟರಿನ್ಯಾಗ ತೋರಿಸೋ ಸೀರಿಯಲ್ ಮಾನಿಟರ್ ದೊಡ್ಡ ಕಾಟ. ಲೂಪಿನ್ಯಾಗ ಸುಮ್ಮನೆ ಪ್ರಿಂಟ್ ಹಾಕಿದ್ರ ಸ್ಕ್ರೀನ್ ರೀಡರ್ ಬಡಬಡಿಸ್ತಲೇ ಇರ್ತದ. ಬೆಲೆ ಬದಲಾದಾಗಷ್ಟೇ ಪ್ರಿಂಟ್ ಮಾಡಿಸ್ರಿ. ಮಾನಿಟರ್ ತೆರೆದಿಟ್ಟು ಅಪ್‌ಲೋಡ್ ಕೊಟ್ರ ಪೋರ್ಟ್ ಸಿಗಂಗಿಲ್ಲ, ಮೊದಲು ಕಂಟ್ರೋಲ್ ಸಿ.

ಬಜರ್ ಪಳಗಿದ ಮ್ಯಾಲ ಕೂಗೋ ಥರ್ಮಾಮೀಟರ್. ಮೇ ತಿಂಗಳ ಕಲಬುರಗಿಯಾಗ 40 ಡಿಗ್ರಿ ದಾಟೋದು ಹೊಸದಲ್ಲ, ಪರೀಕ್ಷೆ ಮಾಡಾಕ ಬಿಸಿಲಿನ ಬರ ಇಲ್ಲ. ಎಲ್‌ಎಂ35 ಸೆನ್ಸರಿನ ಒಂದು ಮುಖ ಚಪ್ಪಟೆ, ಬೆರಳಿಗೆ ಗೊತ್ತಾಗ್ತದ. ಚಪ್ಪಟೆ ಮುಖ ನಿಮ್ಮ ಕಡಿ, ಕಾಲು ಕೆಳಗ: ಎಡಗಾಲು 5 ವೋಲ್ಟ್, ನಡುವಿನದು ಎ0, ಬಲಗಾಲು ಗ್ರೌಂಡ್. ತಿರುವುಮುರುವು ಆದ್ರ ಸೆನ್ಸರ್ ಕಾಯ್ತದ, ಬೆರಳು ಸುಡ್ತದ. ಅದಕ್ಕ ವೈರ್ ಜೋಡಿಸೋವಾಗ ಯುಎಸ್‌ಬಿ ತೆಗೆದಿರಬೇಕು, ಈ ನಿಯಮದಾಗ ಮಾತ್ರ ರಿಯಾಯಿತಿ ಇಲ್ಲ. ಡಿಗ್ರಿಗೆ 10 ಮಿಲಿವೋಲ್ಟ್ ಲೆಕ್ಕ, 40 ಡಿಗ್ರಿಗೆ ಎ0 ಓದೋ ಅನಲಾಗ್‌ರೀಡ್ ಫಂಕ್ಷನ್ ಸುಮಾರು 82 ಕೊಡ್ತದ. ಒಂದೊಂದು ಅಂಕಿ ಅಂದ್ರ ಹತ್ತಿರಹತ್ತಿರ ಅರ್ಧ ಡಿಗ್ರಿ, ಇದರಿಂದ ಪಾಯಿಂಟ್ ಲೆಕ್ಕ ಹೇಳಬ್ಯಾಡ್ರಿ.

ಉತ್ತರ ಬೀಪಿನ್ಯಾಗ: 41 ಅಂದ್ರ ನಾಲ್ಕು ಬೀಪ್, ಒಂದು ಸೆಕೆಂಡ್ ತಡೆದು ಒಂದು ಬೀಪ್. ಟೋನ್ ಫಂಕ್ಷನ್ನಿಗೆ 300 ಮಿಲಿಸೆಕೆಂಡ್ ಅಂತ ಕೊಟ್ರೂ ಅದು ಮುಗಿಯೋ ತನಕ ಕಾಯಂಗಿಲ್ಲ, ಕೂಡಲೇ ಮುಂದಿನ ಸಾಲಿಗೆ ಹೋಗ್ತದ. ಕೆಳಗ 500ರ ಡಿಲೇ ಇಲ್ಲಾಂದ್ರ ನಾಲ್ಕೂ ಬೀಪ್ ಕೂಡಿ ಒಂದಾಗ್ತದ. ಇನ್ನ 40 ಬಂದ್ರ? ಎರಡನೇ ಅಂಕಿಗೆ ಬೀಪೇ ಇಲ್ಲ, ಕೆಟ್ಟಿತೋ ಸೊನ್ನೆಯೋ ತಿಳಿಯಂಗಿಲ್ಲ. ಸೊನ್ನೆಗೆ 150 ಹರ್ಟ್ಜಿನ ಒಂದು ಉದ್ದ ದನಿ ಇಡಬೇಕು. ಇದನ್ನ ಮೊದಲೇ ಹೇಳಿಕೊಡಬ್ಯಾಡ್ರಿ, ಮಕ್ಕಳೇ ಕೇಳಿ ಹಿಡೀಲಿ.

ಕಿವಿ ಕೇಳದ ಮಕ್ಕಳಿಗೆ ಎಲ್‌ಇಡಿ ಪಾಠ ಇದ್ದಂಗೇ ನಡೀತದ, ತೊಡಕು ಬ್ಯಾರೆ: ಸನ್ನೆ ನೋಡೋ ಕಣ್ಣು ಬೋರ್ಡ್ ನೋಡಂಗಿಲ್ಲ. ಕೈಯಾಗಿನ ವೈರ್ ಕೆಳಗಿಟ್ಟು ಹೇಳ್ರಿ, ಹೇಳೋದು ಮುಗಿಸಿ ಜೋಡಿಸ್ರಿ. ಕೈ ನಡುಗೋರಿಗೆ ಬ್ರೆಡ್‌ಬೋರ್ಡ್ ಬ್ಯಾಡ, ಮೈಕ್ರೋಬಿಟ್ ಅನ್ನೋ ಸಣ್ಣ ಬೋರ್ಡ್ ಮತ್ತ ಕ್ರೊಕೊಡೈಲ್ ಕ್ಲಿಪ್ ಸಾಕು, ಕ್ಲಿಪ್ ನೆಟ್ಟಗ ಹಾಕ್ರಿ. ಬಟನ್ನಿಗೆ ಸಾಮಾನ್ಯವಾಗಿ 50 ಮಿಲಿಸೆಕೆಂಡ್ ಡಿಬೌನ್ಸ್ (ಒಂದು ಒತ್ತು ಎರಡಾಗದಂಗ ತಡಿಯೋ ಹೊತ್ತು) ಸಾಕು, ಇಲ್ಲಿ 300ರಿಂದ ಸುರು ಮಾಡಿ ಅವರವರ ಕೈಗೆ ತಕ್ಕಂಗ ಹೆಚ್ಚುಕಡಿಮಿ ಮಾಡ್ರಿ.

ಕರೆಂಟ್ ಹೋದ್ರ ಊನೋವನ್ನ ಪವರ್ ಬ್ಯಾಂಕಿಗೆ ಹಾಕಬಹುದು. ಆದ್ರ ಬೋರ್ಡ್ ಎಳೆಯೋದು 50 ಮಿಲಿಆಂಪ್ ಆಸುಪಾಸು, ಎಷ್ಟೋ ಪವರ್ ಬ್ಯಾಂಕ್ ಏನೂ ಹಚ್ಚಿಲ್ಲಂತ ತಿಳಿದು ಅರ್ಧ ನಿಮಿಷದಾಗ ಬಂದ್ ಆಗ್ತಾವ. ಹಂಗಾದಾಗ ಹುಡುಗರು ಕೋಡಿನ್ಯಾಗ ತಪ್ಪು ಹುಡುಕ್ಕೋತ ಕೂಡ್ತಾರ, ಮೊದಲು ಪವರ್ ಬ್ಯಾಂಕಿನ ಬಟನ್ ಒತ್ತಿಸ್ರಿ.